ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ: ಯಾವ ಬಾಗಿಲಿನಿಂದ ಒಳಹೋಗಬೇಕು?

ವಿಯೆನ್ನಾದ ಮುಖ್ಯ ರೈಲು ನಿಲ್ದಾಣದಲ್ಲಿ ತಲೆಯೆತ್ತಿ ಹೊರಡುವ ರೈಲುಗಳ ಫಲಕ ನೋಡಿದರೆ ಬ್ರಾಟಿಸ್ಲಾವಾ ಎಂಬ ಹೆಸರು ಎರಡು ಬಗೆಯಲ್ಲಿ ಕಾಣುತ್ತದೆ. ಒಂದರ ಜೊತೆ ‘ಹ್ಲ. ಸ್ತ.’ ಎಂಬ ಗಿಡ್ಡ ಅಕ್ಷರಗಳು, ಅಂದರೆ ಹ್ಲಾವ್ನಾ ಸ್ತಾನಿತ್ಸಾ, ಆ ಊರಿನ ಮುಖ್ಯ ನಿಲ್ದಾಣ. ಇನ್ನೊಂದರ ಜೊತೆ ಪೆಟ್ರಜಾಲ್ಕಾ ಎಂಬ ಬಡಾವಣೆಯ ಹೆಸರು. ಎರಡೂ ರೈಲುಗಳು ಹೋಗುವುದು ಸ್ಲೊವಾಕಿಯಾದ ರಾಜಧಾನಿಗೇ. ಎರಡಕ್ಕೂ ಬೇಕಾಗುವುದು ಹೆಚ್ಚುಕಡಿಮೆ ಒಂದು ಗಂಟೆ. ಆದರೆ ಮೊದಲನೆಯದು ನಿಮ್ಮನ್ನು ಹಳೆಯ ಪಟ್ಟಣದ ಉತ್ತರಕ್ಕಿರುವ ಗುಡ್ಡದ ಬುಡದಲ್ಲಿ ಇಳಿಸುತ್ತದೆ, ಎರಡನೆಯದು ಡ್ಯಾನ್ಯೂಬ್ ನದಿಯ ದಕ್ಷಿಣ ದಂಡೆಯ ಬಹುಮಹಡಿ ವಸತಿಗಳ ಅಂಚಿನಲ್ಲಿ.

ರೋಮ್ ಮತ್ತು ವ್ಯಾಟಿಕನ್ ಬಿಟ್ಟರೆ ಯುರೋಪಿನಲ್ಲಿ ಇಷ್ಟು ಹತ್ತಿರವಿರುವ ರಾಜಧಾನಿಗಳ ಜೋಡಿ ಇನ್ನೊಂದಿಲ್ಲ. ನೇರ ಗೆರೆ ಎಳೆದರೆ ನಡುವಿನ ಅಂತರ ಸುಮಾರು 55 ಕಿಲೋಮೀಟರ್. ಹಾಗಾಗಿ ಇಲ್ಲಿ ‘ಹೇಗೆ ಬೇಗ ತಲುಪುವುದು’ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೈಲು, ಬಸ್ಸು, ದೋಣಿ ಮೂರಕ್ಕೂ ಹಿಡಿಯುವ ಸಮಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅವು ನಿಮ್ಮನ್ನು ಊರಿನ ಯಾವ ಬಾಗಿಲಲ್ಲಿ ಇಳಿಸುತ್ತವೆ ಎಂಬುದರಲ್ಲಿ. ಈ ಪ್ರವಾಸದ ಯೋಜನೆ ಮಾಡುವವರು ವೇಳಾಪಟ್ಟಿಗಿಂತ ಮೊದಲು ನಕ್ಷೆಯನ್ನು ಬಿಡಿಸಬೇಕು ಎನ್ನುವುದು ಇದಕ್ಕೇ.

ಹೊರಡುವ ಜಾಗ

ಹಾಪ್ಟ್‌ಬಾನ್‌ಹೋಫ್ ಎಂದು ಕರೆಯುವ ಈ ನಿಲ್ದಾಣ ಹಳೆಯದಲ್ಲ. ಇಲ್ಲಿದ್ದ ದಕ್ಷಿಣ ನಿಲ್ದಾಣವನ್ನು ಕೆಡವಿ, ಅದೇ ಜಾಗದಲ್ಲಿ ಕಟ್ಟಿದ ಹೊಸ ಕಟ್ಟಡ 2014ರಲ್ಲಿ ಉದ್ಘಾಟನೆಯಾಯಿತು. ಪ್ಲಾಟ್‌ಫಾರಂಗಳ ಮೇಲೆ ಮಡಿಕೆ ಮಡಿಕೆಯಾಗಿ ಏರಿಳಿಯುವ ಲೋಹದ ಚಾವಣಿ, ಕೆಳಗೆ ಅಂಗಡಿ ಸಾಲು, ಸಾಮಾನು ಇಡುವ ಲಾಕರ್‌ಗಳು. ಹಳೆಯ ನಿಲ್ದಾಣದಲ್ಲಿದ್ದ ರೆಕ್ಕೆಯುಳ್ಳ ಕಲ್ಲಿನ ಸಿಂಹವೊಂದನ್ನು ಉಳಿಸಿಕೊಂಡು ಹೊಸ ಸಭಾಂಗಣದಲ್ಲಿ ನಿಲ್ಲಿಸಿದ್ದಾರೆ. ಸಂತ ಮಾರ್ಕನ ಆ ಸಿಂಹ ವೆನಿಸ್ ನಗರದ ಲಾಂಛನ. ಇಲ್ಲಿಂದ ಹೊರಟ ಹಳಿಗಳು ಒಂದು ಕಾಲಕ್ಕೆ ಆಡ್ರಿಯಾಟಿಕ್ ಕಡಲಿನ ಕಡೆಗೆ ಹೋಗುತ್ತಿದ್ದವು ಎಂಬುದರ ಗುರುತು. ಆಸ್ಟ್ರಿಯಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅಂದು ಹೊರಡುವವರಿಗೆ ಹಣ್ಣು, ಬ್ರೆಡ್ಡು, ಹಾಲು ಸಿಗುವ ಜಾಗವೂ ಈ ನಿಲ್ದಾಣವೇ.

ನಿಲ್ದಾಣದ ಕೆಳಗೆ ಹಾದುಹೋಗುವ ಮೆಟ್ರೊ ಯು1 ಮಾರ್ಗವನ್ನು ಗುರುತಿಟ್ಟುಕೊಳ್ಳಿ. ಅದು ಇಲ್ಲಿಂದ ಕಾರ್ಲ್ಸ್‌ಪ್ಲಾಟ್ಸ್, ಸಂತ ಸ್ಟೀಫನ್ ಕೆಥೆಡ್ರಲ್ ಇರುವ ಸ್ಟೆಫಾನ್ಸ್‌ಪ್ಲಾಟ್ಸ್ ದಾಟಿ ಶ್ವೇಡನ್‌ಪ್ಲಾಟ್ಸ್‌ಗೆ ಹೋಗುತ್ತದೆ. ಬ್ರಾಟಿಸ್ಲಾವಾಕ್ಕೆ ಹೋಗುವ ದೋಣಿ ಹೊರಡುವುದು ಆ ಶ್ವೇಡನ್‌ಪ್ಲಾಟ್ಸ್ ಪಕ್ಕದ ಕಾಲುವೆಯಿಂದ. ಅಂದರೆ ರೈಲಿನ ಬಾಗಿಲೂ ನೀರಿನ ಬಾಗಿಲೂ ಒಂದೇ ಮೆಟ್ರೊ ಮಾರ್ಗದಲ್ಲಿವೆ. ವಿಯೆನ್ನಾದಲ್ಲಿ ತಂಗುವ ಜಾಗ ಹುಡುಕುವವರು ಯು1 ಮಾರ್ಗದ ಬಳಿ ಹುಡುಕಿದರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ.

ಉತ್ತರದ ಹಳಿ

ಮುಖ್ಯ ನಿಲ್ದಾಣಕ್ಕೆ ಹೋಗುವ ರೈಲು ಮಾರ್ಚೆಗ್ ಎಂಬ ಗಡಿ ಊರಿನ ಮೂಲಕ ಸಾಗುತ್ತದೆ. ವಿಯೆನ್ನಾದ ಈಶಾನ್ಯ ಅಂಚಿನ ಆಸ್ಪರ್ನ್ ನೋರ್ಡ್‌ನಲ್ಲಿ ಅದು ಮೆಟ್ರೊ ಯು2 ಮಾರ್ಗವನ್ನು ಸಂಧಿಸುತ್ತದೆ. ಆ ಕಡೆ ತಂಗಿದವರು ರೈಲು ಹಿಡಿಯಲು ಊರ ನಡುವಿಗೆ ಬರಬೇಕಾಗಿಲ್ಲ. ಅಲ್ಲಿಂದಾಚೆ ಮಾರ್ಚ್‌ಫೆಲ್ಡ್ ಬಯಲು: ವಿಯೆನ್ನಾಕ್ಕೆ ತರಕಾರಿ ಬೆಳೆದುಕೊಡುವ ನೆಲ, ವಸಂತದಲ್ಲಿ ಶತಾವರಿಗೆ ಹೆಸರಾದ ಸೀಮೆ. ಕಣ್ಣು ಹಾಯಿಸಿದಷ್ಟೂ ಸಮತಟ್ಟು. ಮಾರ್ಚೆಗ್‌ನಲ್ಲಿ ಬೇಸಿಗೆಯಾದರೆ ಕೊಕ್ಕರೆಗಳು. ಇಲ್ಲಿನ ಮೊರಾವಾ ನದಿಯ ಪಕ್ಕದ ಹುಲ್ಲುಗಾವಲಿನ ಮುದಿ ಓಕ್ ಮರಗಳಲ್ಲಿ ಬಿಳಿ ಕೊಕ್ಕರೆಗಳು ಸಾಲಾಗಿ ಗೂಡು ಕಟ್ಟಿ, ಮರಿ ಮಾಡಿ, ಚಳಿ ಬರುವ ಮುನ್ನ ಆಫ್ರಿಕಾಕ್ಕೆ ಹೊರಟುಬಿಡುತ್ತವೆ.

ಈ ಎರಡು ಊರುಗಳನ್ನು ಹಳಿ ಮೊದಲು ಜೋಡಿಸಿದ್ದು 1848ರಲ್ಲಿ, ಇದೇ ಮಾರ್ಚೆಗ್ ದಾರಿಯಾಗಿ. ಆಗ ಬ್ರಾಟಿಸ್ಲಾವಾ ಪ್ರೆಸ್‌ಬುರ್ಗ್ ಎಂಬ ಹೆಸರಿನಲ್ಲಿ ಹಂಗೇರಿ ರಾಜ್ಯದ ಊರು. ನಡುವೆ ದೇಶದ ಗಡಿ ಎಂಬುದೇ ಇರಲಿಲ್ಲ. ಎರಡೂ ಊರುಗಳಿಗೆ ಹಾಬ್ಸ್‌ಬರ್ಗ್ ಮನೆತನದ ಒಬ್ಬನೇ ದೊರೆ. ಹಳಿಯ ಕಾಮಗಾರಿ ನಡೆಯುವ ಅವಧಿಗಳಲ್ಲಿ ಈ ಮಾರ್ಗದ ರೈಲುಗಳು ಬದಲಾಗುತ್ತವೆ, ಒಂದಷ್ಟು ದೂರಕ್ಕೆ ಬದಲಿ ಬಸ್ಸು ಬರುತ್ತದೆ. ಹೊರಡುವ ವಾರದಲ್ಲಿ ಆಸ್ಟ್ರಿಯಾ ರೈಲ್ವೆಯ ಆ್ಯಪ್‌ನಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಈ ರೈಲಿನಿಂದ ಇಳಿದವರಿಗೆ ಬ್ರಾಟಿಸ್ಲಾವಾದ ಮುಖ್ಯ ನಿಲ್ದಾಣ ಚೆಲುವಿನ ಸ್ವಾಗತವನ್ನೇನೂ ಕೊಡುವುದಿಲ್ಲ. ಇಕ್ಕಟ್ಟಾದ, ದಣಿದ ಕಟ್ಟಡ. ಆದರೆ ಸಭಾಂಗಣದ ಗೋಡೆಯಲ್ಲಿ ಸಮಾಜವಾದಿ ಕಾಲದ ದೊಡ್ಡ ಭಿತ್ತಿಚಿತ್ರವಿದೆ. ಅದನ್ನು ನಿಂತು ನೋಡಿಯೇ ಹೊರಡಬೇಕು. ಅಲ್ಲಿಂದ ಹಳೆಯ ಪಟ್ಟಣಕ್ಕೆ ಇಳಿಜಾರು ದಾರಿ. ನಡೆದರೆ ಸುಮಾರು ಇಪ್ಪತ್ತು ನಿಮಿಷ. ಶ್ಟೆಫಾನಿಕ್ ಬೀದಿಯಲ್ಲಿ ಕೆಳಗಿಳಿದು, ಈಗ ರಾಷ್ಟ್ರಾಧ್ಯಕ್ಷರ ಭವನವಾಗಿರುವ ಗ್ರಾಸಲ್ಕೊವಿಚ್ ಅರಮನೆಯನ್ನು ದಾಟಿದರೆ, ಹಳೆಯ ಕೋಟೆಗೋಡೆಯ ಹೆಬ್ಬಾಗಿಲುಗಳಲ್ಲಿ ಉಳಿದಿರುವ ಒಂದೇ ಒಂದು, ಮೈಕೇಲನ ದ್ವಾರ ಸಿಗುತ್ತದೆ. ಅದರ ಗೋಪುರದ ಕೆಳಗೆ ಹಾದು ಕಲ್ಲುಹಾಸಿನ ಬೀದಿಗೆ ಕಾಲಿಟ್ಟರೆ ಹಳೆಯ ವರ್ತಕರು ಊರು ಸೇರುತ್ತಿದ್ದ ರೀತಿಯಲ್ಲೇ ನೀವೂ ಸೇರಿದಿರಿ. ಭಾರದ ಪೆಟ್ಟಿಗೆಯಿದ್ದರೆ ನಿಲ್ದಾಣದ ಮುಂದಿನಿಂದ ನಗರ ಸಾರಿಗೆ ಹಿಡಿಯಬಹುದು. ಗಾಲಿ ಪೆಟ್ಟಿಗೆಯನ್ನು ಆ ಕಲ್ಲುಹಾಸಿನಲ್ಲಿ ಎಳೆಯುವುದು ಕೈಗೂ ಪೆಟ್ಟಿಗೆಗೂ ಶಿಕ್ಷೆ.

ದಕ್ಷಿಣದ ಹಳಿ

ಪೆಟ್ರಜಾಲ್ಕಾದ ರೈಲು ಪಾರ್ನ್‌ಡೋರ್ಫ್ ಬಯಲಿನ ಗಾಳಿಯಂತ್ರಗಳ ಕಾಡನ್ನು ಹಾದು, ಕಿಟ್ಸೇ ಎಂಬ ಗಡಿಗ್ರಾಮದ ಮೂಲಕ ಬರುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಇಲ್ಲಿ ಗಡಿ ಮುಚ್ಚಿ ಹಳಿಯ ಮೇಲೆ ಹುಲ್ಲು ಬೆಳೆದಿತ್ತು. ರೈಲು ಮತ್ತೆ ಗಡಿ ದಾಟಿದ್ದು 1998ರಲ್ಲಿ.

ಇಳಿದವರ ಕಣ್ಣಿಗೆ ಬೀಳುವುದು ಅರಮನೆಯಲ್ಲ, ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ ವಸತಿ ಸಮುಚ್ಚಯಗಳು. 1970ರ ದಶಕದಿಂದೀಚೆಗೆ ಎದ್ದ ಪೆಟ್ರಜಾಲ್ಕಾದಲ್ಲಿ ಇಂದು ಒಂದು ಲಕ್ಷಕ್ಕೂ ಹೆಚ್ಚು ಜನ ಬಾಳುತ್ತಿದ್ದಾರೆ. ಪ್ರವಾಸಿ ಪುಸ್ತಕಗಳು ಈ ಬಾಗಿಲನ್ನು ಬೇಡವೆನ್ನುತ್ತವೆ. ನಾನು ಹಾಗೆನ್ನಲಾರೆ. ಬ್ರಾಟಿಸ್ಲಾವಾದ ಸಾಮಾನ್ಯ ಸಂಸಾರಗಳು ಎಲ್ಲಿ ಅಡುಗೆ ಮಾಡುತ್ತವೆ, ಮಕ್ಕಳನ್ನು ಎಲ್ಲಿ ಆಡಿಸುತ್ತವೆ ಎಂದು ತಿಳಿಯಬೇಕಾದರೆ ಈ ದಾರಿಯೇ ಸರಿ. ನಿಲ್ದಾಣದ ಹೊರಗೆ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಡ್ಯಾನ್ಯೂಬ್ ಸೇತುವೆಯ ಮೇಲಿರುತ್ತೀರಿ. ಎದುರಿಗೆ ನಾಲ್ಕು ಮೂಲೆಗೋಪುರಗಳ ಬಿಳಿ ಕೋಟೆ, ಕೆಳಗೆ ಅಗಲವಾದ ನದಿ. ಇಡೀ ಊರು ಒಂದೇ ನೋಟಕ್ಕೆ ತೆರೆದುಕೊಳ್ಳುವುದು ಈ ಕಡೆಯಿಂದ ಬಂದವರಿಗೆ ಮಾತ್ರ.

ಸೇತುವೆಯಡಿಯ ಬಸ್ಸು

ಆ ಸೇತುವೆಯೇ ಮೋಸ್ಟ್ ಎಸ್‌ಎನ್‌ಪಿ. 1944ರಲ್ಲಿ ನಾಜಿಗಳ ವಿರುದ್ಧ ನಡೆದ ಸ್ಲೊವಾಕ್ ಜನರ ದಂಗೆಯ ಹೆಸರು ಹೊತ್ತು 1972ರಲ್ಲಿ ಸಂಚಾರಕ್ಕೆ ತೆರೆದದ್ದು. ಒಂದೇ ಬದಿಯ ಓರೆ ಕಂಬದಿಂದ ತೂಗುಬಿಟ್ಟ ಸೇತುವೆ; ಕಂಬದ ತುದಿಯಲ್ಲಿ ಹಾರುವ ತಟ್ಟೆಯಂಥ ದುಂಡನೆಯ ಹೋಟೆಲು ಮತ್ತು ನೋಟದ ಕಟ್ಟೆ. ಊರಿನವರು ಅದನ್ನು ಯುಎಫ್‌ಒ ಎಂದೇ ಕರೆಯುತ್ತಾರೆ. ಈ ಸೇತುವೆಗೆ ರಸ್ತೆ ಮಾಡಲು ಕೋಟೆಯ ಬುಡದ ಯಹೂದಿ ಕೇರಿಯನ್ನೂ ಅಲ್ಲಿದ್ದ ಸಿನಗಾಗ್ ಮಂದಿರವನ್ನೂ ನೆಲಸಮ ಮಾಡಿದರು. ಹಂಗೇರಿಯ ದೊರೆಗಳಿಗೆ 1563ರಿಂದ 1830ರವರೆಗೆ ಪಟ್ಟ ಕಟ್ಟುತ್ತಿದ್ದ, 1741ರಲ್ಲಿ ಮರಿಯಾ ಥೆರೇಸಾ ಕಿರೀಟ ಧರಿಸಿದ ಸಂತ ಮಾರ್ಟಿನ್ ಕೆಥೆಡ್ರಲಿನ ಗೋಡೆಯ ಪಕ್ಕದಲ್ಲೇ ಇಂದು ವಾಹನಗಳು ಹರಿಯುತ್ತಿವೆ. ಸಾರಿಗೆಯ ಅನುಕೂಲಕ್ಕೆ ಒಂದು ಊರು ತೆತ್ತ ಬೆಲೆಯನ್ನು ಇಲ್ಲಿ ನಿಂತವರು ಕಣ್ಣಾರೆ ಕಾಣಬಹುದು.

ವಿಯೆನ್ನಾದಿಂದ ಬರುವ ಬಸ್ಸುಗಳಲ್ಲಿ ಕೆಲವು ಈ ಸೇತುವೆಯಡಿ ನಿಲ್ಲುತ್ತವೆ. ಇಳಿದು ರಸ್ತೆ ದಾಟಿದರೆ ಹಳೆಯ ಪಟ್ಟಣ. ಇನ್ನು ಕೆಲವು ಮುಂದುವರಿದು 2021ರಲ್ಲಿ ತೆರೆದ ನಿವಿ ಬಸ್ ನಿಲ್ದಾಣಕ್ಕೆ ಹೋಗುತ್ತವೆ. ಅಂಗಡಿ ಸಂಕೀರ್ಣ, ಮೇಲ್ಚಾವಣಿಯಲ್ಲಿ ಉದ್ಯಾನವಿರುವ ಆ ಜಾಗ ಚೆನ್ನಾಗಿಯೇ ಇದೆ, ಆದರೆ ಹಳೆಯ ಪಟ್ಟಣಕ್ಕೆ ಒಂದಿಷ್ಟು ನಡಿಗೆ. ಟಿಕೆಟ್ ಕೊಳ್ಳುವಾಗ ಯಾವ ನಿಲುಗಡೆ ಎಂದು ನೋಡಿಕೊಳ್ಳಿ. ವಿಯೆನ್ನಾ ಕಡೆಯೂ ಇದೇ ಎಚ್ಚರ ಬೇಕು: ಬಸ್ಸು ಮುಖ್ಯ ರೈಲು ನಿಲ್ದಾಣದ ಬಳಿಯಿಂದಲೋ ಯು3 ಮೆಟ್ರೊ ಮಾರ್ಗದ ಎರ್ಡ್‌ಬೆರ್ಗ್ ಟರ್ಮಿನಲ್‌ನಿಂದಲೋ ಎಂಬುದು ಕಂಪನಿಯಿಂದ ಕಂಪನಿಗೆ ಬದಲು.

ಬಸ್ಸಿನ ನಿಜವಾದ ಪ್ರಯೋಜನ ಇರುವುದು ವಿಮಾನ ನಿಲ್ದಾಣದಲ್ಲಿ. ವಿಯೆನ್ನಾದ ವಿಮಾನ ನಿಲ್ದಾಣ ಊರಿನ ಪೂರ್ವಕ್ಕೆ ಶ್ವೆಖಾಟ್‌ನಲ್ಲಿದೆ, ಅಂದರೆ ಬ್ರಾಟಿಸ್ಲಾವಾದ ದಾರಿಯಲ್ಲೇ. ಫ್ರಾಂಕ್‌ಫರ್ಟ್ ಅಥವಾ ಕೊಲ್ಲಿ ನಗರಗಳ ಮೂಲಕ ಬೆಂಗಳೂರಿನಿಂದ ಬಂದು ಇಲ್ಲಿ ಇಳಿಯುವವರು ಪೆಟ್ಟಿಗೆಯೊಂದಿಗೆ ವಿಯೆನ್ನಾಕ್ಕೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವ ಅಗತ್ಯವಿಲ್ಲ. ಹೊರಬಾಗಿಲ ಬಳಿಯೇ ಬ್ರಾಟಿಸ್ಲಾವಾ ಬಸ್ಸು ಹತ್ತಿ, ಚಿಕ್ಕ ಊರನ್ನು ಮೊದಲು ನೋಡಿ, ಬಳಿಕ ದೊಡ್ಡ ಊರಿಗೆ ಬಂದರೆ ದಣಿವೂ ಕಡಿಮೆ, ಖರ್ಚೂ ಕಡಿಮೆ. ವಿಯೆನ್ನಾಕ್ಕೇ ಹೋಗುವವರು ಹಸಿರು ಬಣ್ಣದ ಸಿಟಿ ಏರ್‌ಪೋರ್ಟ್ ಟ್ರೈನ್‌ನ ದುಬಾರಿ ಟಿಕೆಟ್ ಕೊಳ್ಳಬೇಕಿಲ್ಲ. ಮುಖ್ಯ ನಿಲ್ದಾಣಕ್ಕೆ ರೈಲ್‌ಜೆಟ್ ಎಂಬ ವೇಗದ ರೈಲು ಕಾಲು ಗಂಟೆಯಲ್ಲಿ ಒಯ್ಯುತ್ತದೆ; ಎಸ್7 ಎಂಬ ಉಪನಗರ ರೈಲು ತುಸು ನಿಧಾನವಾದರೂ ಊರ ನಡುವಿನ ವೀನ್ ಮಿಟ್ಟೆ ನಿಲ್ದಾಣಕ್ಕೆ ಕಡಿಮೆ ದರದಲ್ಲಿ ಮುಟ್ಟಿಸುತ್ತದೆ.

ನೀರಿನ ಬಾಗಿಲು

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಬೇಕಾದದ್ದು ನದಿಯ ಬಗ್ಗೆ. ಟ್ವಿನ್ ಸಿಟಿ ಲೈನರ್ ಎಂಬ ಜೋಡಿ ಒಡಲಿನ ವೇಗದ ದೋಣಿ 2006ರಿಂದ ಈ ಎರಡು ರಾಜಧಾನಿಗಳ ನಡುವೆ ಓಡಾಡುತ್ತಿದೆ. ವಸಂತದಿಂದ ಶರತ್ಕಾಲದವರೆಗೆ ಅದರ ಋತು. ಚಳಿಗಾಲದಲ್ಲಿ ಸಾಮಾನ್ಯವಾಗಿ ನಿಂತಿರುತ್ತದೆ. ಹರಿವಿನೊಂದಿಗೆ ಬ್ರಾಟಿಸ್ಲಾವಾಕ್ಕೆ ಹೋಗಲು ಸುಮಾರು 75 ನಿಮಿಷ, ಹರಿವಿಗೆ ಎದುರಾಗಿ ಮರಳಲು 90 ನಿಮಿಷ.

ಶ್ವೇಡನ್‌ಪ್ಲಾಟ್ಸ್‌ನಿಂದ ಹೊರಟ ದೋಣಿ ಮೊದಲು ಡ್ಯಾನ್ಯೂಬ್ ಕಾಲುವೆಯಲ್ಲಿ ಮೆಲ್ಲಗೆ ಸಾಗುತ್ತದೆ. ಎರಡೂ ಬದಿಯ ಗೋಡೆಗಳ ತುಂಬ ಬಣ್ಣದ ಚಿತ್ರಗಳು, ದಂಡೆಯಲ್ಲಿ ಸೈಕಲ್ ಸವಾರರು. ಕಾಲುವೆ ಮುಗಿದು ದೊಡ್ಡ ನದಿಗೆ ಬಂದ ಕೂಡಲೇ ಎಂಜಿನ್ ಸದ್ದು ಬದಲಾಗುತ್ತದೆ, ದೋಣಿ ಮೂತಿ ಎತ್ತುತ್ತದೆ. ಆಮೇಲೆ ಎರಡೂ ದಂಡೆಯಲ್ಲಿ ಕಟ್ಟಡಗಳೇ ಇಲ್ಲ. ವಿಲೋ, ಪಾಪ್ಲರ್ ಮರಗಳು, ಜಲ್ಲಿಯ ದಿಣ್ಣೆಗಳು, ಬದಿಯಲ್ಲಿ ಕವಲೊಡೆದ ಹಳ್ಳಗಳು.

ಎರಡು ರಾಜಧಾನಿಗಳ ನಡುವೆ ಇಂಥ ಕಾಡು ಉಳಿದದ್ದು ತಾನಾಗಿ ಅಲ್ಲ. 1984ರ ಡಿಸೆಂಬರಿನಲ್ಲಿ ಆಸ್ಟ್ರಿಯಾದ ಗಡಿ ಊರು ಹೈನ್‌ಬುರ್ಗ್ ಬಳಿ ಜಲವಿದ್ಯುತ್ ಅಣೆಕಟ್ಟಿಗಾಗಿ ಮರ ಕಡಿಯಲು ಹೊರಟಾಗ ಸಾವಿರಾರು ಜನ ಕೊರೆಯುವ ಚಳಿಯಲ್ಲಿ ಆ ಕಾಡಿನೊಳಗೆ ಡೇರೆ ಹಾಕಿ ಕೂತರು. ಪೊಲೀಸರ ಲಾಠಿಗೂ ಜಗ್ಗಲಿಲ್ಲ. ಸರ್ಕಾರ ಹಿಂದೆ ಸರಿಯಿತು; ಅಣೆಕಟ್ಟು ಏಳಲಿಲ್ಲ. 1996ರಲ್ಲಿ ಆ ಕಾಡು ಡೊನಾವ್-ಔವೆನ್ ರಾಷ್ಟ್ರೀಯ ಉದ್ಯಾನವಾಯಿತು. ಪ್ರಯಾಣಿಕರಿಗೆ ಇದರಿಂದ ಒಂದು ನೇರ ಪರಿಣಾಮವೂ ಇದೆ. ಈ ಭಾಗದಲ್ಲಿ ನದಿಗೆ ಕಟ್ಟೆಯಿಲ್ಲದ ಕಾರಣ ಮಳೆಗಾಲದಲ್ಲಿ ನೀರು ಏರುತ್ತದೆ, ಬರಗಾಲದಲ್ಲಿ ಇಳಿಯುತ್ತದೆ. ಎರಡರಲ್ಲಿ ಯಾವುದು ಮಿತಿಮೀರಿದರೂ ದೋಣಿ ನಿಲ್ಲಬಹುದು. ಆದ್ದರಿಂದ ದೋಣಿಯ ಟಿಕೆಟ್ ಮುಂಗಡ ಕೊಳ್ಳಿ, ಆದರೆ ಅದೇ ದಿನ ವಿಮಾನ ಹಿಡಿಯುವ ಯೋಜನೆ ಇಟ್ಟುಕೊಳ್ಳಬೇಡಿ.

ಮುಂದೆ ಬಲದಂಡೆಯಲ್ಲಿ ರೋಮನ್ನರ ಕಾರ್ನುಂಟುಮ್ ಪಟ್ಟಣದ ನೆಲ, ಬಳಿಕ ಹೈನ್‌ಬುರ್ಗ್‌ನ ಕೋಟೆಗುಡ್ಡ. ಅನಂತರ ಎಡದಂಡೆಯಲ್ಲಿ ಮೊರಾವಾ ನದಿ ಬಂದು ಸೇರುವ ಮೂಲೆಯ ಬಂಡೆಯ ಮೇಲೆ ದೆವೀನ್ ಕೋಟೆಯ ಅವಶೇಷ. 1809ರಲ್ಲಿ ನೆಪೋಲಿಯನ್ನನ ಸೈನಿಕರು ಅದನ್ನು ಸಿಡಿಸಿದರು. ಶೀತಲ ಸಮರದ ಕಾಲದಲ್ಲಿ ಈ ಬಂಡೆಯ ಬುಡದ ನೀರೇ ಗಡಿ. ದಂಡೆಯುದ್ದಕ್ಕೂ ಮುಳ್ಳುತಂತಿ, ಕಾವಲುಗೋಪುರ. ಆಚೆ ದಡಕ್ಕೆ ಈಜಿ ಪಾರಾಗಲು ಹೋಗಿ ಗುಂಡೇಟಿಗೆ ಸತ್ತವರಿದ್ದಾರೆ. ಗಡಿ ದಾಟಲು ಹೋಗಿ ಜೀವ ತೆತ್ತವರಿಗಾಗಿ ಕೋಟೆಯ ಕೆಳಗೆ ಒಂದು ಸ್ಮಾರಕ ನಿಂತಿದೆ. 1989ರ ಡಿಸೆಂಬರ್ 10ರಂದು, ಪ್ರಾಗ್ ಮತ್ತು ಬ್ರಾಟಿಸ್ಲಾವಾದಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿಯುತ್ತಿದ್ದ ದಿನಗಳಲ್ಲಿ, ಹತ್ತಾರು ಸಾವಿರ ಜನ ಬ್ರಾಟಿಸ್ಲಾವಾದಿಂದ ಹೊರಟು ಗಡಿ ದಾಟಿ ಹೈನ್‌ಬುರ್ಗ್‌ವರೆಗೆ ನಡೆದರು. ದಶಕಗಳ ಕಾಲ ಕಣ್ಣಿಗೆ ಕಾಣುತ್ತಿದ್ದರೂ ಮುಟ್ಟಲಾಗದ ಊರು ಅದು.

ದೋಣಿ ಕೊನೆಗೆ ಕೋಟೆಯ ಕೆಳಗೆ, ಸೇತುವೆಯಡಿ ಹಾದು, ಹಳೆಯ ಪಟ್ಟಣದ ದಂಡೆಗೇ ಬಂದು ನಿಲ್ಲುತ್ತದೆ. ಇಳಿದು ಕೆಲವೇ ನಿಮಿಷ ನಡೆದರೆ ನಾಟಕಮಂದಿರದ ಮುಂದಿನ ಹ್ವಿಯೆಜ್ಡೊಸ್ಲಾವ್ ಚೌಕ.

ಮರೆತ ಟ್ರಾಮ್, ಉಳಿದ ತುಣುಕು

1914ರಿಂದ ಕೆಲವು ದಶಕಗಳ ಕಾಲ ಪ್ರೆಸ್‌ಬುರ್ಗರ್ ಬಾನ್ ಎಂಬ ವಿದ್ಯುತ್ ರೈಲು ಎರಡೂ ಊರುಗಳ ಬೀದಿಗಳಲ್ಲಿ ಟ್ರಾಮಿನಂತೆ ಓಡಿ ಅವುಗಳ ನಡುಮನೆಯನ್ನೇ ಜೋಡಿಸಿತ್ತು. ಸಂಜೆ ವಿಯೆನ್ನಾದಲ್ಲಿ ನಾಟಕ ನೋಡಿ ರಾತ್ರಿ ಮನೆಗೆ ಮರಳಬಹುದಿತ್ತು. ಎರಡನೆಯ ಮಹಾಯುದ್ಧದ ಬಳಿಕ ಗಡಿಯಲ್ಲಿ ಅದು ತುಂಡಾಯಿತು. ಉಳಿದ ತುಣುಕಿನಲ್ಲಿ ಇಂದು ಎಸ್7 ರೈಲು ವಿಮಾನ ನಿಲ್ದಾಣ, ಹೈನ್‌ಬುರ್ಗ್ ಮೂಲಕ ವೋಲ್ಫ್‌ಸ್ತಾಲ್‌ವರೆಗೆ ಹೋಗಿ, ಗಡಿಗೆ ತುಸು ಮೊದಲೇ ನಿಂತುಬಿಡುತ್ತದೆ. ಬಿಡುವಿದ್ದವರು ಈ ರೈಲಿನಲ್ಲಿ ಹೈನ್‌ಬುರ್ಗ್‌ಗೆ ಬಂದು, ಕೋಟೆಗೋಡೆಯ ಆ ಪುಟ್ಟ ಊರು ನೋಡಿ, ಗಡಿ ದಾಟುವ 901 ಸಂಖ್ಯೆಯ ಬಸ್ಸಿನಲ್ಲಿ ಬ್ರಾಟಿಸ್ಲಾವಾ ಸೇರಬಹುದು. ಸೈಕಲ್ ತುಳಿಯಬಲ್ಲವರಿಗೆ ಯೂರೋವೆಲೊ 6 ಮಾರ್ಗವೂ ಇದೇ ಕಡೆ, ಒಂದು ದಿನದ ಸಮತಟ್ಟು ಸವಾರಿ. ಬ್ರಾಟಿಸ್ಲಾವಾ ಕಡೆಯಲ್ಲಿ ‘ಹಳೆಯ ಸೇತುವೆ’ ಎಂದೇ ಕರೆಯುವ ಇನ್ನೊಂದು ಡ್ಯಾನ್ಯೂಬ್ ಸೇತುವೆಯನ್ನು ಹೊಸದಾಗಿ ಕಟ್ಟಿ 2016ರಲ್ಲಿ ಟ್ರಾಮ್ ಹಳಿಯನ್ನು ಪೆಟ್ರಜಾಲ್ಕಾಕ್ಕೆ ಮತ್ತೆ ದಾಟಿಸಿದ್ದಾರೆ. ಗಡಿಯ ನಡುವಿನ ಖಾಲಿ ತುಂಡು ಮಾತ್ರ ಹಾಗೇ ಉಳಿದಿದೆ. ಅದನ್ನು ಬೆಸೆಯಬೇಕೆಂಬ ಆಸೆ ಎರಡೂ ಕಡೆಯವರಲ್ಲಿ ಬತ್ತಿಲ್ಲ, ಬತ್ತಬಾರದು ಕೂಡ.

ಕೈಯಲ್ಲಿರಬೇಕಾದ ಲೆಕ್ಕ

ಮೊದಲು ವೀಸಾ. ಸ್ಲೊವಾಕಿಯಾ 2007ರ ಡಿಸೆಂಬರ್ 21ರಂದು ಆಸ್ಟ್ರಿಯಾವೂ ಇರುವ ಷೆಂಗೆನ್ ವಲಯದ ಒಳಗೆ ಬಂತು. 2009ರ ಜನವರಿ 1ರಿಂದ ಅಲ್ಲಿನ ನಾಣ್ಯವೂ ಯೂರೊ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಒಂದೇ ವೀಸಾ, ಒಂದೇ ನಾಣ್ಯ ಸಾಕು. ಆದರೆ ಷೆಂಗೆನ್ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು; ಎರಡೂ ಕಡೆ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಆದ್ದರಿಂದ ಯಾವ ಊರಿನಲ್ಲಿ ಎಷ್ಟು ರಾತ್ರಿ ಎಂಬ ತೀರ್ಮಾನ ಅರ್ಜಿಗೆ ಮೊದಲೇ ಆಗಬೇಕು. ಗಡಿಯಲ್ಲಿ ತಡೆಗಂಬವಿಲ್ಲ, ಆದರೂ ತಪಾಸಣೆ ನಡೆಯುವುದುಂಟು. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಎರಡನೆಯದು ಟಿಕೆಟ್. ಈ ಎರಡು ಊರುಗಳ ನಡುವಿನ ಪ್ರಾದೇಶಿಕ ರೈಲುಗಳಿಗೆ ಸೀಟು ಕಾಯ್ದಿರಿಸುವ ಪದ್ಧತಿಯಿಲ್ಲ. ತಿಂಗಳ ಮೊದಲೇ ಕೊಂಡರೂ ಲಾಭವಿಲ್ಲ. ಹೊರಡುವ ದಿನ ಯಂತ್ರದಲ್ಲಿ ‘ಬ್ರಾಟಿಸ್ಲಾವಾ ಟಿಕೆಟ್’ ಕೇಳಿ. ಅದು ಹೋಗಿಬರುವ ಟಿಕೆಟ್; ಬ್ರಾಟಿಸ್ಲಾವಾದ ನಗರ ಸಾರಿಗೆಯೂ ಅದರಲ್ಲಿ ಸೇರಿರುತ್ತದೆ. ಎಷ್ಟು ದಿನ ನಡೆಯುತ್ತದೆ ಎಂಬುದನ್ನು ಕೊಳ್ಳುವಾಗಲೇ ಓದಿಕೊಳ್ಳಿ. ನಗರದೊಳಗಿನ ಕಾಗದದ ಟಿಕೆಟ್‌ಗಳಿಗೆ ವಿಯೆನ್ನಾದಲ್ಲಿ ಮೆಟ್ರೊ ಪ್ರವೇಶದಲ್ಲೋ ಟ್ರಾಮಿನೊಳಗೋ ಇರುವ ಪೆಟ್ಟಿಗೆಯಲ್ಲಿ ಮೊಹರು ಒತ್ತಿಸಬೇಕು. ಬ್ರಾಟಿಸ್ಲಾವಾದಲ್ಲಿ ಹತ್ತಿದ ಕೂಡಲೇ ಒತ್ತಿಸಬೇಕು. ಗೇಟುಗಳಿಲ್ಲವೆಂದು ಉದಾಸೀನ ಬೇಡ. ತಪಾಸಣೆಗಾರರು ಸಾಮಾನ್ಯ ಉಡುಪಿನಲ್ಲೇ ಬರುತ್ತಾರೆ.

ಮೂರನೆಯದು ರಾತ್ರಿ. ಬಹುತೇಕರು ವಿಯೆನ್ನಾದಲ್ಲೇ ತಂಗಿ ಬ್ರಾಟಿಸ್ಲಾವಾವನ್ನು ಬೆಳಗಿನಿಂದ ಸಂಜೆಯೊಳಗೆ ಮುಗಿಸುತ್ತಾರೆ. ಅದು ಆ ಊರಿಗೆ ಮಾಡುವ ಅನ್ಯಾಯ. ಹಗಲು ಪ್ರವಾಸಿಗಳ ಗುಂಪು ತೆರಳಿದ ಮೇಲೆಯೇ ಹಳೆಯ ಪಟ್ಟಣದ ಚೌಕಗಳಲ್ಲಿ ಊರಿನವರು ಕುಳಿತು ಹರಟುವುದು ಕಾಣುತ್ತದೆ. ದೆವೀನ್ ಕೋಟೆಗೆ ಹೋಗಿಬರಲು ಅರ್ಧ ದಿನ ಬೇಕು. ಒಂದು ರಾತ್ರಿಯಾದರೂ ಅಲ್ಲಿಗೆ ಎತ್ತಿಡಿ.

ನನ್ನ ತೀರ್ಮಾನ ಇಷ್ಟು: ದೋಣಿಯ ಋತುವಿನಲ್ಲಿ ಹೋಗುವವರು ನದಿಯಲ್ಲಿ ಹೋಗಿ, ಹಳಿಯಲ್ಲಿ ಬನ್ನಿ. ಹರಿವಿನ ಜೊತೆ ಹೋಗುವಾಗ ಸಮಯವೂ ಉಳಿಯುತ್ತದೆ, ದೆವೀನ್ ಮತ್ತು ಬ್ರಾಟಿಸ್ಲಾವಾದ ಬಿಳಿ ಕೋಟೆ ಎದುರಿನಿಂದ ಕಾಣುತ್ತವೆ, ಇಳಿಯುವುದು ಹಳೆಯ ಪಟ್ಟಣದಲ್ಲೇ. ಚಳಿಗಾಲವಾದರೆ ಮುಖ್ಯ ನಿಲ್ದಾಣದಲ್ಲಿ ಇಳಿದು ಮೈಕೇಲನ ದ್ವಾರದ ಮೂಲಕ ನಡೆದು ಒಳಗೆ ಹೋಗಿ. ಮರಳುವಾಗ ಪೆಟ್ರಜಾಲ್ಕಾದ ರೈಲು ಹಿಡಿಯಿರಿ. ವಿಮಾನದಿಂದ ನೇರ ಬಂದವರು ಬಸ್ಸಿನಲ್ಲಿ ಮೊದಲು ಬ್ರಾಟಿಸ್ಲಾವಾಕ್ಕೆ ಹೋಗಿ. ಯಾವ ದಾರಿ ಹಿಡಿದರೂ ಹೋದ ಬಾಗಿಲಿನಿಂದಲೇ ಮರಳಬೇಡಿ; ಎರಡನೆಯ ಬಾಗಿಲಿಗೆ ತಗಲುವ ಹೆಚ್ಚುವರಿ ಸಮಯ ಅರ್ಧ ಗಂಟೆಯನ್ನೂ ಮೀರದು.